ಕಳೆದ ಸಲಕ್ಕಿಂತ ಚೆನ್ನಾಗಿ ಸೋಲುತ್ತಿರುವ ಬಗ್ಗೆ

ನಮ್ಮ ಊರಿನ ಫುಟ್‌ಬಾಲ್ ಕ್ಲಬ್ಬಿನ ಅಂಕಿಅಂಶ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಚೆಂಡನ್ನು ಕಾಲಿನಿಂದ ಮುಟ್ಟದೆಯೇ ಪಂದ್ಯ ಗೆಲ್ಲುವ ವಿದ್ಯೆಯನ್ನು ಕರಗತ ಮಾಡಿಕೊಂಡಿರುವ ತಮಗೆ, ಪೂರ್ವ ಗ್ಯಾಲರಿಯ ಹಿಂದಿನ ಸಾಲಿನಿಂದ, ಸೋರುವ ತಗಡಿನ ಚಾವಣಿಯ ಕೆಳಗಿನಿಂದ, ಅನೇಕ ನಮಸ್ಕಾರಗಳು. ತಾವು ಕುಶಲವಾಗಿಯೇ ಇದ್ದೀರೆಂದು ನಂಬಿದ್ದೇನೆ. ತಮ್ಮ ವಿಭಾಗದ ಕೋಣೆಗೆ ಮೈದಾನದ ಕಡೆ ಕಿಟಕಿ ಇಲ್ಲದಿರುವುದರಿಂದ, ಈ ಸೀಸನ್ನಿನಲ್ಲಿ ನಡೆದದ್ದು ಯಾವುದೂ ತಮ್ಮ ಆರೋಗ್ಯವನ್ನು ಕೆಡಿಸಿರಲಾರದು.

ಟಿಕೆಟ್ ಕಿಟಕಿಯ ಪಕ್ಕದಲ್ಲಿ ತಾವು ಅಂಟಿಸಿರುವ ‘ಎರಡು ಸೀಸನ್‌ಗಳ ತುಲನಾತ್ಮಕ ವರದಿ’ಯನ್ನು ಸರದಿಯಲ್ಲಿ ನಿಂತು ಓದುವ ಭಾಗ್ಯ ನನ್ನದಾಯಿತು. ಕಳೆದ ಸೀಸನ್ನಿನಲ್ಲಿ ನಮ್ಮ ತಂಡ ಲೀಗಿನಲ್ಲಿ ಐದನೆಯದಾಗಿತ್ತು. ಈಗ ಕೊನೆಯಿಂದ ಎರಡನೆಯದಾಗಿದೆ. ಬರುವ ಭಾನುವಾರದ ಕೊನೆಯ ಪಂದ್ಯವನ್ನೂ ಸೋತರೆ ಕೆಳಗಿನ ದರ್ಜೆಗೆ ಇಳಿಯುತ್ತೇವೆ. ಇಂಥ ಸಂಕಟದ ಹೊತ್ತಿನಲ್ಲಿ ತಮ್ಮ ವರದಿ ನಮಗೆ ಧೈರ್ಯ ಹೇಳಿತು: ಪಾಸುಗಳು ಹೆಚ್ಚಿವೆ, ಆಟಗಾರರ ಓಟಗಳು ಹೆಚ್ಚಿವೆ, ಗೋಲ್‌ಕೀಪರ್ ತಡೆದ ಚೆಂಡುಗಳಂತೂ ದುಪ್ಪಟ್ಟಾಗಿವೆ. ಮನೆಗೆ ಬೆಂಕಿ ಬಿದ್ದ ವರ್ಷ ಬಾವಿಯಿಂದ ಸೇದಿದ ನೀರು ದುಪ್ಪಟ್ಟಾಯಿತೆಂದು ಹಿಗ್ಗುವ ಯಜಮಾನನನ್ನು ನಾನು ಈವರೆಗೆ ಕಂಡಿರಲಿಲ್ಲ. ಚೆಂಡು ಎದುರಾಳಿಯ ಕಾಲಲ್ಲೇ ಇದ್ದರೆ ನಮ್ಮವರು ಅದರ ಹಿಂದೆ ಹೆಚ್ಚು ಓಡುತ್ತಾರೆ ಎಂಬುದು ತಮಗೆ ‘ಪರಿಶ್ರಮದಲ್ಲಿ ಏರಿಕೆ’ ಎಂದು ಕಂಡಿತಲ್ಲ, ಆ ದೃಷ್ಟಿಗೆ ಶರಣು. ಗೋಲುಗಳನ್ನು ಮಾತ್ರ ವರದಿಯ ಕೆಳಗೆ ಇರುವೆಯಂಥ ಅಕ್ಷರದಲ್ಲಿ ‘ಅದೃಷ್ಟಾಧೀನ ಅಂಶವಾದ್ದರಿಂದ ಪರಿಗಣಿಸಿಲ್ಲ’ ಎಂದು ಕೈಬಿಟ್ಟಿದ್ದೀರಿ. ಮದುವೆಯ ಖರ್ಚುವೆಚ್ಚವನ್ನೆಲ್ಲ ಬರೆದು, ವಧೂವರರನ್ನು ಆಕಸ್ಮಿಕವೆಂದು ಬಿಟ್ಟ ಹಾಗಾಯಿತು.

ಇಷ್ಟೇ ಆಗಿದ್ದರೆ ನಕ್ಕು ಮನೆಗೆ ಹೋಗುತ್ತಿದ್ದೆ. ಆದರೆ ತಮ್ಮ ವರದಿಯ ಪ್ರಕಾರ ಹತ್ತು ಜನ ಸುಧಾರಿಸಿದ್ದಾರೆ, ಒಬ್ಬ ಮಾತ್ರ ಅರ್ಧಕ್ಕರ್ಧ ಕುಸಿದಿದ್ದಾನೆ. ಆದ್ದರಿಂದ ಹತ್ತು ಜನರ ಪ್ರಗತಿಯನ್ನು ಆ ಒಬ್ಬನೇ ನುಂಗಿ ತಂಡವನ್ನು ಮುಳುಗಿಸುತ್ತಿದ್ದಾನೆ. ಆ ಒಬ್ಬ ಎಂದರೆ ಎಡ ಅಂಚಿನಲ್ಲಿ ಆಡುವ, ಸಣಕಲು ಮೈಯವನಾದ್ದರಿಂದ ಗ್ಯಾಲರಿಯವರೆಲ್ಲ ‘ಕಡ್ಡಿ’ ಎಂದು ಕರೆಯುವ ನಮ್ಮ ಹುಡುಗ. ಶುಕ್ರವಾರದ ಆಡಳಿತ ಮಂಡಳಿ ಸಭೆಯಲ್ಲಿ ಅವನನ್ನು ತಂಡದಿಂದ ಕೈಬಿಡುವ ಪ್ರಸ್ತಾವ ತಮ್ಮ ವರದಿಯ ಬಲದ ಮೇಲೆಯೇ ಬರುತ್ತಿದೆಯಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಕೇಳಿದ್ದೆ. ಇಲ್ಲಿ ಕೊಟ್ಟಿಗೆಯಲ್ಲಿ ಜ್ವರವಿಲ್ಲದ ಒಂದೇ ಒಂದು ಪ್ರಾಣಿಯನ್ನು ಹುಡುಕಿ ಬರೆ ಎಳೆಯುತ್ತಿದ್ದೀರಿ. ಈ ಸೀಸನ್ನಿನಲ್ಲಿ ನಾವು ಹೊಡೆದ ಬೆರಳೆಣಿಕೆಯ ಗೋಲುಗಳಲ್ಲಿ ಮುಕ್ಕಾಲು ಪಾಲು ಹುಟ್ಟಿದ್ದು ಅವನ ಎಡಗಾಲಿನಿಂದ. ಆದರೆ ಗೋಲು ಅದೃಷ್ಟಾಧೀನವಲ್ಲವೇ, ಮರೆತಿದ್ದೆ, ಕ್ಷಮಿಸಿ.

ಈಗ ಈ ಕುಸಿತದ ಮೂಲವನ್ನು ತಮ್ಮ ಅವಗಾಹನೆಗೆ ತರುವುದು ನನ್ನ ಕರ್ತವ್ಯ. ಈ ಸೀಸನ್ನಿನ ಲೆಕ್ಕವನ್ನು ದೀಪದ ಕಂಬಕ್ಕೆ ಕಟ್ಟಿದ ಹೊಸ ಕ್ಯಾಮೆರಾ ಇಡುತ್ತಿದೆ. ಅದಕ್ಕೆ ಎಲ್ಲವೂ ಪಾಸೇ. ನಮ್ಮ ಇಬ್ಬರು ಡಿಫೆಂಡರುಗಳು ಎದುರಾಳಿಯ ಭಯಕ್ಕೆ, ಸುಡುವ ಪಾತ್ರೆಯನ್ನು ಕೈಯಿಂದ ಕೈಗೆ ದಾಟಿಸುವ ಹಾಗೆ ಚೆಂಡನ್ನು ಆಚೀಚೆ ತಳ್ಳಿದರೂ ಪ್ರತಿ ಸಲ ತಳ್ಳಿದ್ದಕ್ಕೂ ಒಂದೊಂದು ಅಂಕ. ಕಳೆದ ಸೀಸನ್ನಿನಲ್ಲಿ ಕ್ಯಾಮೆರಾ ಇರಲಿಲ್ಲ. ಯಾರಾದರೂ ಎಣಿಸಿಕೊಡಿ ಎಂದು ಕ್ಲಬ್ಬು ಕೇಳಿಕೊಂಡಾಗ, ಒತ್ತಿದರೆ ಟಿಕ್ ಎನ್ನುವ ಪುಟ್ಟ ಯಂತ್ರವನ್ನು ಕೈಯಲ್ಲಿ ಹಿಡಿದು ಗ್ಯಾಲರಿಯಲ್ಲಿ ಕೂತವರು ಮೂಲೆ ಅಂಗಡಿಯ ಕ್ಷೌರಿಕರು. ಅವರು ಕಡ್ಡಿಯ ಸೋದರಮಾವ. ಇದು ಗ್ಯಾಲರಿಗೆಲ್ಲ ಎಷ್ಟು ಗೊತ್ತೆಂದರೆ, ಅವರನ್ನು ನಾವೆಲ್ಲರೂ ‘ಮಾವ’ ಎಂದೇ ಕರೆಯುತ್ತೇವೆ. ಗೊತ್ತಿಲ್ಲದಿದ್ದದ್ದು ಕಿಟಕಿಯಿಲ್ಲದ ಒಂದು ಕೋಣೆಗೆ ಮಾತ್ರ.

ಹೆತ್ತವರಿಗೆ ಹೆಗ್ಗಣ ಮುದ್ದಂತೆ. ಸೋದರಮಾವನಿಗೆ ಹೆಗ್ಗಣವೇ ಹುಲಿ. ಚೆಂಡು ಅಳಿಯನ ಕಾಲಿಗೆ ಬಂದರೆ ಒಂದು ಟಿಕ್, ಅವನು ತಲೆಯೆತ್ತಿ ನೋಡಿದರೆ ಇನ್ನೊಂದು, ಎದುರಿನವನು ಜಾರಿಬಿದ್ದರೆ ಆ ಸಂತೋಷಕ್ಕೆ ಮತ್ತೆರಡು. ಒಮ್ಮೆ ಕಡ್ಡಿ ಪಾಸ್ ಕೊಡದೆ ಚೆಂಡು ಕಳೆದುಕೊಂಡಾಗಲೂ ಟಿಕ್ ಸದ್ದು ಕೇಳಿ ಪಕ್ಕದಲ್ಲಿದ್ದ ಬಸ್ ಕಂಡಕ್ಟರ್ “ಅದ್ಯಾವುದು ಮಾವ, ಈಗ ಎಣಿಸಿದ್ದು?” ಎಂದರೆ, “ಕೊಡಬೇಕು ಅಂದ್ಕೊಂಡಿದ್ದ ಕಣಯ್ಯ, ನಂಗೆ ಅವನ ಮನಸ್ಸು ಗೊತ್ತಿಲ್ವಾ?” ಎಂದು ಗದರಿದರು. ಉಳಿದ ಹತ್ತು ಜನರ ವಿಷಯದಲ್ಲಿ ಮಾತ್ರ ಅವರಷ್ಟು ಕಟ್ಟುನಿಟ್ಟಿನ ಪರೀಕ್ಷಕ ಇನ್ನೊಬ್ಬರಿಲ್ಲ. “ಇದನ್ನೂ ಪಾಸ್ ಅಂತಾರಾ? ಕಸ ಗುಡಿಸಿದ ಹಾಗಿದೆ” ಎಂದು ಹೆಬ್ಬೆರಳನ್ನು ಎತ್ತಿಯೇ ಇಡುತ್ತಿದ್ದರು. ಹೀಗೆ, ಮಾನ್ಯರೇ, ತಾವು ಅಳೆದದ್ದು ಎರಡು ಸೀಸನ್‌ಗಳ ನಡುವಿನ ವ್ಯತ್ಯಾಸವನ್ನಲ್ಲ. ಒಬ್ಬ ಸೋದರಮಾವನಿಗೂ ಒಂದು ಕಂಬಕ್ಕೂ ಇರುವ ವ್ಯತ್ಯಾಸವನ್ನು.

ತಮ್ಮ ವರದಿ ಓದಿದ ದಿನದಿಂದ ಮಾವ ಅಕ್ಕನ ಮನೆಯ ಬೀದಿಯನ್ನು ತಪ್ಪಿಸಿ ಸುತ್ತುಬಳಸಿ ಬರುತ್ತಾರೆ. ಕೊನೆಗೆ ಮಾವನೇ ನೇರವಾಗಿ ತಮ್ಮ ಕಚೇರಿಗೆ ಬಂದು, ಕಳೆದ ಸಲ ತಾನು ಹೆಚ್ಚು ಎಣಿಸಿದ್ದಾಗಿ ಒಪ್ಪಿಕೊಂಡರಂತೆ. ಆಗ ತಾವು ಕುರ್ಚಿಯಿಂದ ಏಳದೆಯೇ “ಎಷ್ಟು ಶೇಕಡಾ ಹೆಚ್ಚು ಅಂತ ಕರೆಕ್ಟಾಗಿ ಹೇಳಿ, ಕಳೀತೀವಿ” ಎಂದಿರಂತೆ. ಅವರು “ಅಕ್ಕನ ಮಗ ಸಾರ್, ಕೈ ತಾನಾಗೇ ಒತ್ತಿಬಿಡುತ್ತೆ, ಶೇಕಡಾ ಎಲ್ಲಿಂದ ತರ್ಲಿ?” ಎಂದದ್ದಕ್ಕೆ, ಶೇಕಡಾ ಇಲ್ಲದ ತಪ್ಪನ್ನು ತಿದ್ದಲು ಅವಕಾಶವಿಲ್ಲವೆಂದು ಕಳಿಸಿದಿರಿ. ಎತ್ತು ಈಯಿತು ಎಂದವನೇ ಓಡಿ ಬಂದು, ಇಲ್ಲ ಸ್ವಾಮಿ, ಅದು ಎತ್ತು, ಈಯುವುದಿಲ್ಲ ಎಂದರೂ, ಕರುವನ್ನು ಕೊಟ್ಟಿಗೆಗೆ ಕಟ್ಟಿಯೇ ತೀರುವವರನ್ನು ಮೊದಲ ಸಲ ನೋಡುತ್ತಿದ್ದೇನೆ.

ಆದ್ದರಿಂದ ತಮ್ಮಲ್ಲಿ ಕೆಲವು ಬಿನ್ನಹಗಳು. ತುಲನೆ ನ್ಯಾಯವಾಗಿರಬೇಕಾದರೆ ಎರಡೂ ಸೀಸನ್ನಿಗೆ ಒಂದೇ ಅಳತೆಗೋಲು ಇರಬೇಕಾದ್ದರಿಂದ, ಆ ಕ್ಯಾಮೆರಾಗೆ ಕೂಡಲೇ ಒಬ್ಬ ಅಕ್ಕನನ್ನೂ, ಆ ಅಕ್ಕನಿಗೆ ಎಡಗಾಲಿನಲ್ಲಿ ಆಡುವ ಒಬ್ಬ ಮಗನನ್ನೂ ಒದಗಿಸಬೇಕು. ಅದು ಕಷ್ಟವಾದರೆ ಉಳಿದ ಹತ್ತು ಆಟಗಾರರಿಗೂ ಕ್ಲಬ್ಬಿನ ವತಿಯಿಂದ ತಲಾ ಒಬ್ಬ ಸೋದರಮಾವನನ್ನು ನೇಮಿಸಬೇಕು. ಗೋಲ್‌ಕೀಪರಿಗೆ ಇಬ್ಬರಾದರೂ ಬೇಕು, ಅವನ ದುಃಖ ದೊಡ್ಡದು. ಇದಾವುದೂ ಆಗದಿದ್ದರೆ, ಭಾನುವಾರ ತಾವೇ ಗ್ಯಾಲರಿಗೆ ಬಂದು, ತೊಂಬತ್ತು ನಿಮಿಷ ಕಣ್ಣು ಬಿಟ್ಟು, ಎಡ ಅಂಚಿನತ್ತ ನೋಡಬೇಕು. ಇದೇ ಎಲ್ಲಕ್ಕಿಂತ ಅಸಾಧ್ಯವಾದ ಕೋರಿಕೆಯೆಂದು ಬಲ್ಲೆ.

ಅಂಕಿಗಳ ಮೇಲೆ ನನಗೆ ಹಗೆಯಿಲ್ಲ. ಎರಡು ವರ್ಷದ ಆಟವನ್ನು ಪಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯ ಕೆಲಸವೇ. ಯಾರು ಎಣಿಸಿದರು, ಏನನ್ನು ಎಣಿಸಿದರು ಎಂದು ಕೇಳುವ ಸಣ್ಣ ಸೌಜನ್ಯ ಅದಕ್ಕೆ ಬೇಕು, ಅಷ್ಟೇ. ಈ ಮೈದಾನದಲ್ಲಿ ಅನೇಕ ಮೂರ್ಖತನಗಳನ್ನು ನೋಡಿದ್ದೇನೆ: ಬೂಟಿನ ಬಣ್ಣದಿಂದ ಸೋತೆವೆಂದ ಕೋಚನ್ನು, ಹುಲ್ಲಿನ ಉದ್ದವನ್ನು ದೂರಿದ ಕಾರ್ಯದರ್ಶಿಯನ್ನು. ಆದರೆ ಅವರು ದೂರಿದ್ದು ಬೂಟನ್ನು, ಹುಲ್ಲನ್ನು. ತಮ್ಮ ಕಾಲದಲ್ಲಿ ಮಾತ್ರ ಒಬ್ಬ ಮಾವನ ಮಮತೆಯನ್ನೇ ಅಳಿಯನ ಕುತ್ತಿಗೆಗೆ ಹಗ್ಗವಾಗಿ ಹೊಸೆಯಲಾಯಿತು. ಶುಕ್ರವಾರದ ಸಭೆಗೆ ಮುಂಚೆ ಆ ವರದಿಯನ್ನು ಹಿಂತೆಗೆದುಕೊಳ್ಳಿ. ಕಡ್ಡಿಯನ್ನು ಆಡಲು ಬಿಡಿ.

ಸೋಲಿನಲ್ಲೂ ಏರುಗತಿಯನ್ನೇ ಕಾಣುವ ತಮ್ಮ ಕಣ್ಣುಗಳು ಸದಾ ಹಾಗೆಯೇ ಇರಲಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ,
ಪೂರ್ವ ಗ್ಯಾಲರಿಯ ಹಿಂದಿನ ಸಾಲಿನವನು

ಕೊನೆಯ ಮಾತು: ಈ ಪತ್ರದ ಪ್ರತಿಯೊಂದನ್ನು ಊರಿನ ಪತ್ರಿಕೆಗೂ ಕಳಿಸಿದ್ದೆ. ಅವರು ಇದನ್ನು ಅಚ್ಚಿಗೆ ಹಾಕುವಷ್ಟರಲ್ಲಿ ಶುಕ್ರವಾರವೂ ಕಳೆಯಿತು, ಭಾನುವಾರವೂ ಕಳೆಯಿತು. ತಾವು ಕಡ್ಡಿಯನ್ನು ಕೈಬಿಟ್ಟಿರಿ, ನಾವು ಕೆಳಗಿನ ದರ್ಜೆಗೆ ಇಳಿದೆವು. ತಾವು ಬಂದಿರಲಿಲ್ಲವಾದ್ದರಿಂದ ತಿಳಿಸುತ್ತಿದ್ದೇನೆ: ಆಟಗಾರರ ಬಾಗಿಲಲ್ಲಿ ಒಳಗೆ ಬಿಡದ ಕಾರಣ, ಅವನು ನಮ್ಮೊಡನೆ ಸರದಿಯಲ್ಲಿ ನಿಂತು, ಟಿಕೆಟ್ ಕೊಂಡು, ಗ್ಯಾಲರಿಯಲ್ಲಿ ಮಾವನ ಪಕ್ಕ ಕೂತು, ಕೊನೆಯ ಸೀಟಿಯವರೆಗೂ ನಮ್ಮ ತಂಡದ ಪರವಾಗಿಯೇ ಗಂಟಲು ಹರಿದುಕೊಂಡ. ಕಳೆದ ಸೀಸನ್ನಿನ ಕೊನೆಯ ಪಂದ್ಯಕ್ಕೆ ಹೋಲಿಸಿದರೆ ಟಿಕೆಟ್ ಕೊಂಡ ಪ್ರೇಕ್ಷಕರಲ್ಲಿ ಇದು ಒಂದರ ಏರಿಕೆ. ಮುಂದಿನ ವರದಿಯಲ್ಲಿ ದಯವಿಟ್ಟು ಬಿಡದೆ ಸೇರಿಸಿಕೊಳ್ಳಿ.