ಲಾಭೇಶನ ಕಿವಿ

ಯಂತ್ರಕ್ಕೆ ಚೆಂಡುಹೂವಿನ ಹಾರ ಹಾಕಿ, ಅದರ ಹೊಟ್ಟೆಗೆ ಮೂರು ಬೆರಳಿನ ವಿಭೂತಿ ಎಳೆದು, ಕರಿಬಸಪ್ಪ ತೆಂಗಿನಕಾಯಿ ಒಡೆದ. ಒಡೆದ ರಭಸಕ್ಕೆ ಒಂದು ಹೋಳು ಗೋಡೆ ಹಾರಿ ಪಕ್ಕದ ಮನೆಯ ನೂರ್‌ಬಿಯ ಅಂಗಳಕ್ಕೆ ಬಿತ್ತು.

"ಶುಭ ಶಕುನ!" ಎಂದ ಕರಿಬಸಪ್ಪ.

"ನನಗೆ ಶುಭ ಕಣಣ್ಣ, ಚಟ್ನಿಗೆ ಆಯ್ತು!" ಎಂದು ನೂರ್‌ಬಿ ಗೋಡೆಯಾಚೆಯಿಂದ ಹೋಳನ್ನು ಎತ್ತಿ ತೋರಿಸಿದಳು.

ಅವನ ಹೆಂಡತಿ ಹಾಲಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗು ಅರ್ಧದಲ್ಲೇ ಕೆಮ್ಮಾಯಿತು.

ದಾವಣಗೆರೆಯ ಭಟ್ಟಿ ಓಣಿಯಲ್ಲಿ ಅವಳ ಅಪ್ಪ ಕಟ್ಟಿದ ಮಂಡಕ್ಕಿ ಭಟ್ಟಿ ಅದು. ಭತ್ತದ ಹೊಟ್ಟಿನ ಬೆಂಕಿ, ಅದರ ಮೇಲೆ ಅಗಲ ಬಾಣಲೆ, ಬಾಣಲೆಯ ತುಂಬ ಕಾದ ಮರಳು. ಉಪ್ಪು ಹಿಡಿದ ಅಕ್ಕಿ ಆ ಮರಳಿಗೆ ಬಿದ್ದು, ಕಣ್ಣು ಮಿಟುಕಿಸುವಷ್ಟರಲ್ಲಿ ಮಲ್ಲಿಗೆಯಂತೆ ಅರಳುವುದನ್ನು ಹುಟ್ಟಿದಾಗಿನಿಂದ ನೋಡುತ್ತ ಬಂದಿದ್ದರೂ, ಹಾಲಮ್ಮ ಬಾಣಲೆಗೆ ಸುರಿದ ಪ್ರತಿ ಒಬ್ಬೆಗೂ ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದಳು. ಅರಳಿಸುವವನು ಶಿವ, ಜರಡಿ ಹಿಡಿಯುವವಳಷ್ಟೇ ತಾನು ಎಂಬ ಭಾವ ಅವಳದು. ಆದರೆ ಹೊಟ್ಟಿನ ಹೊಗೆ ಎದೆಗೆ ಇಳಿದುಬಿಟ್ಟಿತ್ತು. ಆ ಹೊಗೆಯಲ್ಲಿ ಇನ್ನು ಕೂರಲೇಬಾರದೆಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು. ಭಟ್ಟಿ ಮುಚ್ಚು ಎಂದು ಗಂಡ, ಪ್ರಾಣ ಹೋದರೂ ಮುಚ್ಚೆ ಎಂದು ಹೆಂಡತಿ. "ಮುಚ್ಚಿ ಏನ್ ಉಣ್ಣೋಣ್ರಿ?" ಎಂದು ಅವಳು ಕೇಳಿದ್ದಳು. ಅದಕ್ಕೆ ಉತ್ತರವಾಗಿಯೇ, ಹಿಂದೆ ಕಾಟನ್ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದ ಕರಿಬಸಪ್ಪ ಈ ಯಂತ್ರವನ್ನು ಹುಟ್ಟಿಸಿದ್ದ.

ಹಾಲಿನ ಕ್ಯಾನು, ಬಾಯ್ಲರಿನ ಡ್ರಮ್ಮು, ಸಾಲಾಗಿ ನಲ್ಲಿಗಳು, ಅಡಿಯಲ್ಲಿ ಮಿಲ್ಲಿನ ಟ್ರಾಲಿಯ ನಾಲ್ಕು ಗಾಲಿ. ನೆತ್ತಿಯ ಮೇಲೆ ಹಳೆಯ ಲೌಡ್‌ಸ್ಪೀಕರಿನ ಹಾರ್ನು, ಕೋಳಿಯ ಕತ್ತಿನಂತೆ ಅತ್ತಿತ್ತ ತಿರುಗುತ್ತಿತ್ತು.

"ಕೇಳ್ರಪ್ಪ!" ಎಂದ ಕರಿಬಸಪ್ಪ. "ಹೊಟ್ಟನ್ನ ಪೂರ್ತಿ ಸುಟ್ರೆ ಬರೀ ಬೂದಿ. ಗಾಳಿ ಕಮ್ಮಿ ಕೊಟ್ಟು ಅರೆಬರೆ ಸುಟ್ರೆ ಗ್ಯಾಸು! ಈ ಗ್ಯಾಸು ಅಂದ್ರೆ ಇಟ್ಟಂಗಿ ಇದ್ದಂಗೆ. ಹಿಂಗ್ ಜೋಡಿಸಿದ್ರೆ ಡೀಸೆಲ್ಲು, ಹಂಗ್ ಜೋಡಿಸಿದ್ರೆ ಮೇಣ, ಇನ್ನೊಂದ್ ಥರ ಜೋಡಿಸಿದ್ರೆ ಅತ್ತರು!"

"ಯಾವಾಗ ಯಾವ್ದು ಮಾಡ್ಬೇಕಂತ ಅದಕ್ಕೆ ಯಾರ್ ಹೇಳ್ತಾರ್ರಿ?" ಎಂದಳು ಹಾಲಮ್ಮ.

"ಯಾರೂ ಹೇಳದು ಬ್ಯಾಡ! ಮ್ಯಾಲೆ ಕಿವಿ ಐತಲ್ಲ? ಸುತ್ತಮುತ್ತ ಯಾವ ಸಾಮಾನಿಗೆ ರೇಟು ಜಾಸ್ತಿ ಅಂತ ಮಾತು ಬೀಳ್ತೈತೋ, ಆ ಸಾಮಾನೇ ತಯಾರು! ನಷ್ಟ ಅನ್ನೋದು ಇದರ ಜಾತಕದಾಗೇ ಇಲ್ಲ. ಹೆಸರು ಲಾಭೇಶ್ವರ!"

"ದೇವ್ರ ಹೆಸರು ಬ್ಯಾಡ್ರಿ. ನಾಳೆ ಕೆಟ್ಟು ನಿಂತ್ರೆ ಬೈಯಾಕೂ ಬರಂಗಿಲ್ಲ."

"ಹಂಗಾರೆ ಲಾಭೇಶ," ಎಂದು ಕರಿಬಸಪ್ಪ ರಾಜಿಯಾದ.

ಲಾಭೇಶ ಒಂದು ಚೀಲ ಹೊಟ್ಟು ನುಂಗಿ, ಗುಡುಗುಡು ಸದ್ದು ಮಾಡಿ, ಬಹಳ ಹೊತ್ತು ಯೋಚಿಸಿ, ಡೀಸೆಲ್ ನಲ್ಲಿಯಿಂದ ಅರ್ಧ ಲೋಟ ಕೊಟ್ಟ. ಕರಿಬಸಪ್ಪ ಲೋಟವನ್ನು ತೀರ್ಥದಂತೆ ಎರಡೂ ಕೈಯಲ್ಲಿ ಹಿಡಿದ.

"ಒಂದ್ ಚೀಲಕ್ಕೆ ಅರ್ಧ ಲೋಟನಾ?" ಹಾಲಮ್ಮನ ಕಣ್ಣು ಅಗಲವಾಯಿತು. "ಆ ಚೀಲದಾಗೆ ನಾನು ಎಷ್ಟು ಒಬ್ಬೆ ತೆಗೀತಿದ್ದೆ ಗೊತ್ತೇನ್ರಿ?"

"ಹೊಟ್ಟು ಪುಕ್ಕಟೆ ಸಾಮಾನು ಕಣೇ!"

"ನಿಮಗೆ ಪುಕ್ಕಟೆ. ರೈಸ್‌ಮಿಲ್ಲಿಂದ ದುಡ್ಡು ಕೊಟ್ಟು ತರಿಸಿದೋಳು ನಾನು."

ಅಷ್ಟರಲ್ಲಿ ನೂರ್‌ಬಿ ಗೋಡೆಯಾಚೆ ಯಾರಿಗೋ ಹೇಳುತ್ತಿದ್ದಳು: "ಕರೆಂಟ್ ಹೋಗಿದ್ದೇ ನೆವ ನೋಡು, ಒಂದು ಮೇಣದಬತ್ತಿಗೆ ಇಪ್ಪತ್ತು ರೂಪಾಯಿ ಮಾಡ್ಯಾರೆ!"

ಹಾರ್ನು ಗಿರಕ್ಕನೆ ಆ ಕಡೆ ತಿರುಗಿತು. ಡೀಸೆಲ್ ನಲ್ಲಿ ಟಕ್ಕೆಂದು ಮುಚ್ಚಿಕೊಂಡಿತು. ಪಕ್ಕದ ನಲ್ಲಿಯಿಂದ ಬಿಸಿ ಮೇಣ ಬುಳುಬುಳು ಸುರಿದು ಕರಿಬಸಪ್ಪನ ಚಪ್ಪಲಿಯ ಸುತ್ತ ಹೆಪ್ಪುಗಟ್ಟಿತು. ಅವನು ಆ ಬೆಳಗ್ಗೆಯೆಲ್ಲ ಅಂಗಳದಲ್ಲಿ ವಿಗ್ರಹದಂತೆ ನಿಂತಿದ್ದ. ಹಾಲಮ್ಮ ಸೌಟಿನಲ್ಲಿ ಕೆರೆದು ಬಿಡಿಸಬೇಕಾಯಿತು.

"ಮಾತು ಕೇಳ್ತೈತೆ ಅನ್ನೋದು ಸಾಬೀತಾಯ್ತಲ್ಲ!" ಎಂದ ಅವನು, ಬರಿಗಾಲಲ್ಲಿ.

ಮಾರನೆಯ ದಿನ ನೂರ್‌ಬಿ ಗೋಡೆಗೆ ಮೊಣಕೈ ಊರಿ ನಿಂತಳು. "ತಂಗಿ ನಿಕಾಹಕ್ಕೆ ಅತ್ತರ್ ತಂದ್ವಿ ಹಾಲಮ್ಮಕ್ಕ. ಇಷ್ಟೇ ಇಷ್ಟು ಶೀಶೆ, ಎರಡು ಸಾವಿರ!"

ಹಾಲಮ್ಮ ಬೆರಳನ್ನು ತುಟಿಗಿಟ್ಟು ಸುಮ್ಮನಿರಲು ಸನ್ನೆ ಮಾಡುವಷ್ಟರಲ್ಲೇ ತಡವಾಗಿತ್ತು. ಲಾಭೇಶ ಗಾಲಿ ಉರುಳಿಸಿಕೊಂಡು ಬಂದು, ಗೋಡೆಯ ಮೇಲೆ ಹಾರ್ನು ಇಟ್ಟು, "ಇನ್ನೊಂದು ಸಲ ಹೇಳಮ್ಮ" ಎನ್ನುವವನಂತೆ ನಿಂತ. ಹಿಂದೆಯೇ ಅತ್ತರು ಧೋ ಎಂದು ಸುರಿಯತೊಡಗಿತು.

ಕೊಡ ತುಂಬಿತು, ಬಕೆಟ್ಟು ತುಂಬಿತು, ಕಲ್ಲುಬಾನಿ ತುಂಬಿತು. ಘಮ ಭಟ್ಟಿಯೊಳಗೆ ನುಗ್ಗಿ, ಗುಡ್ಡೆ ಹಾಕಿದ್ದ ಮಂಡಕ್ಕಿಗೆ ಅಂಟಿಕೊಂಡಿತು. ಆ ಸಂಜೆ ಮಂಡಕ್ಕಿ, ಮಿರ್ಚಿ ತಿಂದು ಮನೆಗೆ ಹೋದ ಗಂಡಸರನ್ನೆಲ್ಲ ಹೆಂಡಂದಿರು ಬಾಗಿಲಲ್ಲೇ ನಿಲ್ಲಿಸಿ, ಯಾರ ಮದುವೆಗೆ ಹೋಗಿದ್ದಿರಿ ಎಂದು ವಿಚಾರಿಸಿದರು. ಉತ್ತರ ಯಾರಿಗೂ ನಂಬಿಕೆ ಹುಟ್ಟಿಸಲಿಲ್ಲ.

ಕರಿಬಸಪ್ಪ ಮಾತ್ರ ಆನಂದದಲ್ಲಿ ತೇಲುತ್ತಿದ್ದ. "ಶೀಶೆಗೆ ಎರಡು ಸಾವಿರ ಅಂದ್ರೆ ಕೊಡಕ್ಕೆಷ್ಟು? ಹಾಲಿ, ನೀನು ಇನ್ನು ಕಾಲ ಮ್ಯಾಲೆ ಕಾಲ್ ಹಾಕ್ಕೊಂಡು ಕೂತ್ಕೋ!"

ಮೊದಲ ಶೀಶೆ ಮಾರಾಟವಾಯಿತು. ಎರಡನೆಯದು ಅರ್ಧ ಬೆಲೆಗೆ ಹೋಯಿತು. ಓಣಿಯ ನಾಯಿಗಳೂ ಘಮಘಮಿಸುವ ಹೊತ್ತಿಗೆ, ನೂರ್‌ಬಿ ಮೂಗು ಮುಚ್ಚಿಕೊಂಡು ಕೂಗಿದಳು: "ಅಣ್ಣಾ, ಸಾಕು! ಇನ್ನು ಪುಕ್ಕಟೆ ಕೊಟ್ರೂ ಬ್ಯಾಡ ಈ ಅತ್ತರು!"

ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಲಾಭೇಶ ಅತ್ತರಿನ ನಲ್ಲಿಯನ್ನು ಅವಮಾನವಾದವನಂತೆ ಬಿಗಿದುಕೊಂಡ.

ಸುದ್ದಿಗೆ ಅತ್ತರಿಗಿಂತ ವೇಗ ಹೆಚ್ಚು. ರೈಸ್‌ಮಿಲ್ಲಿನ ಮಾಲೀಕ ಬಕ್ಕೇಶಣ್ಣ ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ ಖುದ್ದಾಗಿ ಬಂದ. ಬಂದವನೇ ಕೊಡದ ಮೇಲೆ ಬಗ್ಗಿ ಮೂಸಿದ.

"ನನ್ನ ಹೊಟ್ಟಿನಾಗೆ ಇಷ್ಟೆಲ್ಲ ಇತ್ತೇನ್ರಿ? ಅಂದ್ಮೇಲೆ ಅದು ಹೊಟ್ಟಲ್ಲ, ಅತ್ತರಿನ ಬೀಜ! ಇವತ್ತಿಂದ ರೇಟು ಡಬಲ್."

"ಇದೇನ್ ನ್ಯಾಯ ಬಕ್ಕೇಶಣ್ಣ? ನಿನ್ನೆ ತನಕ ಹೊಟ್ಟಿಡಾಕೆ ಜಾಗ ಇಲ್ಲ, ಬೇಗ ಹೊತ್ಕೊಂಡು ಹೋಗ್ರಿ ಅಂತಿದ್ರಿ!" ಎಂದಳು ಹಾಲಮ್ಮ.

"ನಿನ್ನೆ ಅದರ ಬೆಲೆ ನನಗೆ ಗೊತ್ತಿರಲಿಲ್ಲಮ್ಮ."

"ಹಂಗಾರೆ ನಾವು ಬ್ಯಾರೆ ಮಿಲ್ಲಿಗೆ ಹೋಗ್ತೀವಿ!" ಎಂದು ಕರಿಬಸಪ್ಪ ಎದೆ ಸೆಟೆಸಿದ.

"ಹೋಗ್ರಿ. ಅವರೂ ಸುದ್ದಿ ಕೇಳ್ಯಾರೆ. ಹಂಗಾದ್ರೆ ನಂದು ಮೂರರಷ್ಟು! ಹೊಟ್ಟಿಗೆ ಇನ್ನು ಡೀಸೆಲ್ಲಿಗಿಂತ ಜಾಸ್ತಿ!"

ಹಾರ್ನು ನಿಧಾನವಾಗಿ ಬಕ್ಕೇಶಣ್ಣನತ್ತ ತಿರುಗಿತು. ಲಾಭೇಶನ ಹೊಟ್ಟೆಯಲ್ಲಿ ಏನೋ ಮಗುಚಿದ ಸದ್ದು. ಎಲ್ಲ ನಲ್ಲಿಗಳೂ ಒಟ್ಟಿಗೆ ಮುಚ್ಚಿದವು. ಹೊಟ್ಟು ನುಂಗುತ್ತಿದ್ದ ಬಾಯಿ ಈಗ ಆಕಳಿಸಿದಂತೆ ತೆರೆದು, ನುಂಗಿದ್ದನ್ನೆಲ್ಲ ಭರ್ರೋ ಎಂದು ಹೊರಗೆ ಉಗುಳಿತು! ಬಿಳಿ ಪಂಚೆ ಕಾಣೆಯಾಯಿತು. ಹೊಟ್ಟಿನ ರಾಶಿಯೊಳಗಿಂದ ಒಂದು ಸೀನು ಕೇಳಿಸಿತು.

"ಏನಿದು! ಏನಿದು!"

"ಹೊಟ್ಟೇ ಎಲ್ಲಕ್ಕಿಂತ ದುಬಾರಿ ಅಂದ್ರಲ್ಲ," ಹಾಲಮ್ಮ ಶಾಂತವಾಗಿ ಹೇಳಿದಳು. "ದುಬಾರಿ ಸಾಮಾನು ಸುಟ್ಟು ಅಗ್ಗದ ಸಾಮಾನು ಯಾಕೆ ಮಾಡ್ಲಿ ಅಂತ ವಾಪಸ್ ಕೊಟ್ಟೈತಿ. ನಮ್ಮನೆಯವ್ರಿಗಿಂತ ಬುದ್ಧಿ ಐತಿ ಅದಕ್ಕೆ."

ಬಕ್ಕೇಶಣ್ಣ ಪಂಚೆ ಕೊಡವುತ್ತ, ಹೊಸ ರೇಟು ಒಪ್ಪುವ ತನಕ ಒಂದು ಹಿಡಿ ಹೊಟ್ಟೂ ಕಳಿಸುವುದಿಲ್ಲವೆಂದು ಹೇಳಿ ಹೋದ.

ಅಂಗಳದಲ್ಲಿ ಉಳಿದದ್ದು ಲಾಭೇಶ ಉಗುಳಿದ ಒಂದು ರಾಶಿ ಮಾತ್ರ. ಹಾಲಮ್ಮ ಅದನ್ನು ಬುಟ್ಟಿಗೆ ತುಂಬತೊಡಗಿದಳು. ಕರಿಬಸಪ್ಪ ಬುಟ್ಟಿಯ ಇನ್ನೊಂದು ಅಂಚು ಹಿಡಿದ.

"ಬಿಡ್ರಿ. ಇದು ನನ್ನ ಒಲೆಗೆ."

"ಲಾಭೇಶನಿಗೆ! ಡೀಸೆಲ್ಲಿಗೆ ಒಂದ್ ಒಳ್ಳೇ ರೇಟು ಕಿವಿಗೆ ಬಿದ್ರೆ ಸಾಕು."

"ನಿಮ್ಮ ಲಾಭೇಶ ಇಲ್ಲೀತನ ಕೊಟ್ಟಿದ್ದು ಅರ್ಧ ಲೋಟ ಡೀಸೆಲ್ಲು, ಓಣಿ ತುಂಬ ತಲೆನೋವು. ನನ್ನ ಒಲೆ ಇಬ್ಬರು ಹೆಣ್ಮಕ್ಕಳ ಮದುವೆ ಮಾಡೈತಿ. ಅಪ್ಪ ಹಚ್ಚಿದ ಬೆಂಕಿ ಇದು, ನನ್ನ ಕೈಯಾಗೆ ಆರಬಾರದು."

ಅವಳು ಒಲೆಯ ಮುಂದೆ ಕೂತು, ಹಣೆ ಮುಟ್ಟಿ ನಮಸ್ಕರಿಸಿ, ಹೊಟ್ಟು ಸುರಿದು ಬೆಂಕಿ ಹಚ್ಚಿದಳು. ಹೊಗೆ ಹಳೆಯ ನೆಂಟನಂತೆ ಎದ್ದು ನೇರವಾಗಿ ಅವಳ ಎದೆಗೇ ಬಂತು. ಕೆಮ್ಮು ಶುರುವಾಯಿತು. ನಿಲ್ಲಲಿಲ್ಲ. ಜರಡಿ ಕೈಯಿಂದ ಜಾರಿ ಉರುಳಿತು. ಉಸಿರಿಗೆ ತಡಕಾಡುತ್ತ ಅವಳು ಗೋಡೆಗೆ ಒರಗಿದಳು.

ಕರಿಬಸಪ್ಪ ನೀರು ತಂದ. ಅವಸರಕ್ಕೆ ಅರ್ಧ ನೀರು ಅವಳ ಸೀರೆಯ ಮೇಲೆಯೇ ಚೆಲ್ಲಿತು.

"ಬ್ಯಾಡ ಹಾಲಿ! ಡೀಸೆಲ್ಲೂ ಬ್ಯಾಡ, ಅತ್ತರೂ ಬ್ಯಾಡ! ನೀನು ಉಸಿರಾಡು ಮೊದ್ಲು! ಈ ಒಲೆಗೆ ಹೊಗೆ ಇಲ್ಲದ ಬೆಂಕಿ ಯಾರಾದ್ರೂ ಕೊಡ್ರೋ! ಕೋಟಿ ರೂಪಾಯಿ ಕೊಡ್ತೀನಿ! ಕೋಟಿ!"

ಬಸ್ ಚಾರ್ಜಿಗೂ ಹೆಂಡತಿಯನ್ನೇ ಕೇಳುವ ಮನುಷ್ಯ ಕೋಟಿ ಎಂದು ಕೂಗಿದ್ದು ಓಣಿಯ ಕೊನೆಯವರೆಗೂ ಕೇಳಿಸಿತು. ಅಂಗಳದಲ್ಲಿದ್ದ ಹಾರ್ನಿಗೂ ಕೇಳಿಸಿತು.

ಹಾರ್ನು ಗಿರ್ರನೆ ಸುತ್ತಿತು. ಲಾಭೇಶ ಗಾಲಿ ಉರುಳಿಸಿ, ಹಿತ್ತಲ ಬಾಗಿಲ ಚೌಕಟ್ಟನ್ನು ಕೊಂಚ ಮುರಿದುಕೊಂಡೇ ಒಳಗೆ ನುಗ್ಗಿದ. ಗಂಡಹೆಂಡತಿಯನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿ, ಒಲೆಗೆ ಮೂತಿ ಇಟ್ಟು, ಹೊಗೆಯಾಡುತ್ತಿದ್ದ ಹೊಟ್ಟನ್ನೆಲ್ಲ ಸೊರ್ರನೆ ಹೀರಿಕೊಂಡ. ಆಮೇಲೆ ಒಲೆಯೊಳಗೆ ನೀಲಿ ಬೆಂಕಿ ಹೂವಿನಂತೆ ಬಿಚ್ಚಿಕೊಂಡಿತು. ಹೊಗೆಯ ಒಂದು ಎಳೆಯೂ ಇರಲಿಲ್ಲ.

ಹಾಲಮ್ಮ ಹೆದರಿ ಹೆದರಿ ಒಂದು ಉಸಿರು ಎಳೆದಳು. ಇನ್ನೊಂದು. ಮೂರನೆಯದನ್ನು ಎದೆ ತುಂಬ ಎಳೆದು, ಕಣ್ಣು ಮುಚ್ಚಿ, "ಶಿವಾ" ಎಂದಳು. ಎದ್ದು ಅಕ್ಕಿ ಸುರಿದಳು. ಮಂಡಕ್ಕಿ ಚಟಪಟನೆ ಅರಳಿ ಬಾಣಲೆಯನ್ನೇ ಮುಚ್ಚಿತು.

"ಗ್ಯಾಸಿಂದ ಅದು ಮಾಡ್ತೀನಿ, ಇದು ಮಾಡ್ತೀನಿ ಅಂತ ಇಷ್ಟೆಲ್ಲ ಒದ್ದಾಡಿದ್ರಲ್ಲ," ಅವಳು ಮೆಲ್ಲನೆ ಕೇಳಿದಳು, "ಗ್ಯಾಸನ್ನ ಹಂಗೇ ಒಲೆಗೆ ಹಚ್ಚಿದ್ರೆ ಆಗ್ತಿತ್ತಲ್ರಿ?"

ಕರಿಬಸಪ್ಪ ತಲೆ ಕೆರೆದುಕೊಂಡ. "ಅದು ಭಾಳ ಸುಲಭ ಇತ್ತು ಕಣೇ. ಅದಕ್ಕೇ ತೋಚಲಿಲ್ಲ."

ಅಂದಿನಿಂದ ಲಾಭೇಶ ಒಲೆಯ ಬುಡ ಬಿಟ್ಟು ಕದಲಿಲ್ಲ. ಕೋಟಿಗಿಂತ ಮೇಲಿನ ರೇಟನ್ನು ಆ ಓಣಿಯಲ್ಲಿ ಯಾರೂ ಆಡಲಿಲ್ಲ. ನೂರ್‌ಬಿ ಬಂಗಾರದ ಬೆಲೆ ಹೇಳಿ ನೋಡಿದಳು. ಯಾರೋ ತಮಾಷೆಗೆ ಸೈಟಿನ ಬೆಲೆಯನ್ನೂ ಕೂಗಿದರು. ಹಾರ್ನು ಅತ್ತ ತಿರುಗಲೂ ಇಲ್ಲ. ಹೊಟ್ಟು ಮೊದಲಿನ ಅರ್ಧದಷ್ಟೇ ಸಾಕಾಗುತ್ತಿತ್ತು. ಮಿಲ್ಲಿನಲ್ಲಿ ಹೊಟ್ಟಿನ ಗುಡ್ಡ ಬೆಳೆದು ಗೋದಾಮಿನ ಬಾಗಿಲು ಮುಚ್ಚಿದಾಗ, ಬಕ್ಕೇಶಣ್ಣ ಹಳೆಯ ರೇಟಿಗಿಂತ ಕಮ್ಮಿ ಹೇಳಿಕೊಂಡು ಬಂದ. ಈ ಸಲ ಬಣ್ಣದ ಪಂಚೆ ಉಟ್ಟಿದ್ದ. ನೀಲಿ ಬೆಂಕಿಯನ್ನು ಬಗ್ಗಿ ನೋಡಿ ಕೇಳಿದ:

"ಅಲ್ಲಮ್ಮ, ಈ ಬೆಂಕಿಗೆ ಕೋಟಿ ಕೊಡ್ತೀನಿ ಅಂತ ಕೂಗಿದ್ರಂತಲ್ಲ ನಿಮ್ಮನೆಯವ್ರು? ಕೊಟ್ರಾ?"

ಹಾಲಮ್ಮ ಜರಡಿ ಆಡಿಸುತ್ತಲೇ ಮೂಲೆಯತ್ತ ಕಣ್ಣು ತೋರಿದಳು. ಅಲ್ಲಿ ಕರಿಬಸಪ್ಪ ತೋಳು ಮಡಚಿ, ಬೆವರು ಒರೆಸಿಕೊಳ್ಳುತ್ತ, ಅಕ್ಕಿಗೆ ಉಪ್ಪುನೀರು ಕಲಸುತ್ತಿದ್ದ.

"ನನ್ನ ಹತ್ರಾನೇ ದಿನಗೂಲಿಗೆ ಸೇರ್ಕೊಂಡು ತೀರಿಸ್ತಾ ಅದಾರೆ," ಎಂದಳು ಅವಳು. "ಸದ್ಯಕ್ಕೆ ಬಡ್ಡಿಗೆ ದುಡೀತಾ ಅದಾರೆ."