ಗಂಜಿಯಣ್ಣನ ಗುಂಡಿ ಫೋನು

ಗಾಜಿನ ಪರದೆಯ ಫೋನು ಗಂಜಿಯಣ್ಣನ ಬೆರಳನ್ನು ಬೆರಳೆಂದು ಒಪ್ಪುತ್ತಲೇ ಇರಲಿಲ್ಲ. ಪಾಪ, ಅದರ ತಪ್ಪಲ್ಲ. ವರ್ಷಗಟ್ಟಲೆ ಸೋಪಿನ ನೀರಿನಲ್ಲಿ ನೆನೆದು, ಇಸ್ತ್ರಿಪೆಟ್ಟಿಗೆಯ ಕಾವಿಗೆ ಒಣಗಿ, ಆ ಬೆರಳ ತುದಿಗಳು ಕಟ್ಟಿಗೆ ಚೂರುಗಳಂತಾಗಿದ್ದವು. ಹತ್ತು ಸಲ ಒತ್ತಿದರೂ ಪರದೆ ಮಿಸುಕುತ್ತಿರಲಿಲ್ಲ. ಕೊನೆಗೆ ಮೂಗಿನ ತುದಿಯಿಂದ ಒತ್ತುವುದನ್ನು ಕಲಿತ. ಗಂಜಿಯಣ್ಣ ಅಂಗಡಿಯಲ್ಲಿ ನಿಂತು ಫೋನಿಗೆ ಮುತ್ತು ಕೊಡುತ್ತಾನೆ ಎಂದು ಬೀದಿಯವರೆಲ್ಲ ಆಡಿಕೊಂಡು ನಕ್ಕರು.

ಬಟ್ಟೆಗೆ ಗಂಜಿ ಹಾಕುವುದರಲ್ಲಿ ಅವನಿಗೆ ಸಾಟಿಯಿಲ್ಲವೆಂದು ಬಂದ ಹೆಸರದು. ಅವನು ಗಂಜಿ ಹಾಕಿದ ಅಂಗಿ ತೊಟ್ಟವರು ಬಗ್ಗಬೇಕಾದರೆ ಅಂಗಿಯ ಅಪ್ಪಣೆ ಕೇಳಬೇಕು. ಆದರೆ ಹೆಸರು ಹೊಟ್ಟೆ ತುಂಬಿಸುತ್ತದೆಯೇ? ಬೀದಿಯ ಕೊನೆಯಲ್ಲಿ ಅವನ ಹೆಂಡತಿಯ ತಮ್ಮನೇ ದೊಡ್ಡ ದೊಡ್ಡ ಯಂತ್ರಗಳ ಲಾಂಡ್ರಿ ತೆರೆದು ಕೂತಿದ್ದ. ಗಿರಾಕಿಗಳೆಲ್ಲ ಆ ಕಡೆ ಜಾರುತ್ತಿದ್ದರು. ಸಾಲದ್ದಕ್ಕೆ, "ಭಾವ, ಅಂಗಡಿ ಮುಚ್ಚಿ ಬಂದ್ಬಿಡಿ. ನಮ್ಮಲ್ಲಿ ಮಡಚೋಕೆ ಜನ ಸಾಲ್ತಿಲ್ಲ" ಎಂದು ಎಲ್ಲರೆದುರು ಹಲ್ಲು ಕಿರಿದಿದ್ದ. ಭಾಮೈದನ ಕೈಕೆಳಗೆ ಬಟ್ಟೆ ಮಡಚುವುದೇ! ನೆನೆಸಿಕೊಂಡರೆ ಗಂಜಿಯಣ್ಣನಿಗೆ ಮೈ ಉರಿಯುತ್ತಿತ್ತು.

ಉಳಿದಿದ್ದ ಆಸೆ ಒಂದೇ: ಪೊಲೀಸ್ ಠಾಣೆಯ ಬಟ್ಟೆ. ಇನ್ಸ್‌ಪೆಕ್ಟರ್ ಸಾಹೇಬರು ಮಾದರಿಗೆಂದು ತಮ್ಮದೊಂದು ಸಮವಸ್ತ್ರ ಕೊಟ್ಟು ನೋಡಿ, ನಿನ್ನೆ ಒಯ್ದಿದ್ದರು. ಇಡೀ ಠಾಣೆಯ ಒಗೆತ ಯಾರಿಗೆ ಎನ್ನುವ ತೀರ್ಮಾನ ಇವತ್ತು. ಸಿಕ್ಕಿದರೆ ಅಂಗಡಿ ಉಳಿಯಿತು, ಇಲ್ಲವಾದರೆ ಭಾಮೈದನೇ ಗತಿ.

ಇಂಥ ದಿನದ ಬೆಳಗ್ಗೆ ಗಂಜಿಯಣ್ಣ ಮೊನ್ನೆ ತಂದ ಹೊಸ ಫೋನನ್ನು ಕೈಗೆತ್ತಿಕೊಂಡ. ಸ್ಮಾರ್ಟ್‌ಫೋನೇ, ಆದರೆ ಪರದೆಯ ಕೆಳಗೆ ಸಾಲುಸಾಲು ನಿಜವಾದ ಗುಂಡಿಗಳು, ಒಂದೊಂದರ ಮೇಲೂ ಕನ್ನಡದ ಅಕ್ಷರ. ಒತ್ತಿದರೆ ಟಿಕ್ ಎನ್ನುತ್ತಿತ್ತು. ಆಹಾ, ಆ ಟಿಕ್! ಒತ್ತಿದ್ದು ಒತ್ತಿದ ಹಾಗೇ ಬೆರಳಿಗೆ ಗೊತ್ತಾಗುತ್ತಿತ್ತು. ಅಂಗಿಯ ಗುಂಡಿ ಹಾಕಿದಷ್ಟು ಸಲೀಸು. ಅರ್ಧ ಗಂಟೆ ಸುಮ್ಮನೆ "ಅಅಅಅ" ಎಂದು ಒತ್ತಿಯೇ ಸಂತೋಷಪಟ್ಟ.

"ರೀ, ಸೀರೆ ಸುಟ್ಟ ವಾಸನೆ ಬರ್ತಿದೆ!" ಎಂದು ಒಳಗಿನಿಂದ ಹೆಂಡತಿ ಕೂಗಿದಳು.

"ಸುಡ್ಲಿ ಬಿಡೇ, ಇದನ್ನ ಕೇಳಿಲ್ಲಿ. ಟಿಕ್ ಟಿಕ್ ಟಿಕ್!"

ಒಂದೇ ಒಂದು ಕೊರತೆಯಿತ್ತು. ಜಾಗ ಸಾಲದೆ ಲ ಮತ್ತು ಳ ಎರಡನ್ನೂ ಒಂದೇ ಗುಂಡಿಗೆ ತುರುಕಿದ್ದರು. ತಟ್ಟಿದರೆ ಲ, ಒತ್ತಿ ಹಿಡಿದರೆ ಳ. ಫೋನಿನ ಅಂಗಡಿಯವನು ಬಿಡಿಸಿ ಹೇಳಿದ್ದ. ಆದರೆ ಟಿಕ್ ಟಿಕ್ ಎಂದು ಓಡುವ ಗಂಜಿಯಣ್ಣನಿಗೆ ಒತ್ತಿ ಹಿಡಿಯುವ ತಾಳ್ಮೆ ಎಲ್ಲಿಂದ ಬರಬೇಕು? ಅದೂ ಅಲ್ಲದೆ ಅವನ ಕಣ್ಣು ಗುಂಡಿಗಳ ಮೇಲಿತ್ತೇ ಹೊರತು ಪರದೆಯ ಮೇಲಲ್ಲ.

ಜಾರಿದ ಗಿರಾಕಿಗಳನ್ನು ಮರಳಿ ಕರೆಯಲು ಒಂದು ಜಾಹೀರಾತು ಕಳಿಸಬೇಕೆಂದು ಹೊಳೆಯಿತು. ನೀವು ನಿಶ್ಚಿಂತೆಯಿಂದ ಬಟ್ಟೆ ಕೊಳೆ ಮಾಡಿಕೊಳ್ಳಿ, ಮುಂದಿನದು ನಮ್ಮ ಪಾಲು ಎನ್ನುವುದು ಅವನ ಇಂಗಿತ. ಬೀದಿಯ ಪ್ರತಿಯೊಬ್ಬರ ಫೋನಿಗೂ ಹೋದದ್ದು ಮಾತ್ರ ಹೀಗೆ:

"ಮಾನ್ಯರೇ, ಇನ್ನು ನಿಶ್ಚಿಂತೆಯಿಂದ ಕೊಲೆ ಮಾಡಿಕೊಲ್ಲಿ. ಎಂಥ ಹಲೆಯ ಕೊಲೆಯಾದರೂ ಗುರುತು ಸಿಗದ ಹಾಗೆ ಮಾಡುವುದು ನಮ್ಮ ಹೊಣೆ. ರಕ್ತವಾಗಿದ್ದರೆ ಅದೇ ದಿನ ತನ್ನಿ. ಮನೆಗೇ ಬಂದು ಒಯ್ಯುತ್ತೇವೆ. ಇಂತಿ, ಗಂಜಿಯಣ್ಣ."

ಅದೇ ಹುರುಪಿನಲ್ಲಿ ಇನ್ಸ್‌ಪೆಕ್ಟರ್ ಸಾಹೇಬರಿಗೂ ಒಂದು ಟಿಕ್ಕಿಸಿದ: "ಸಾಹೇಬರೇ, ಮೊದಲು ನಿಮ್ಮ ಕೊಲೆ, ಆಮೇಲೆ ಇಡೀ ಠಾಣೆಯ ಕೊಲೆ. ಅಪ್ಪಣೆಯಾದರೆ ಸಂಜೆಯೊಲಗೆ ಮುಗಿಸುತ್ತೇನೆ."

ಕಳಿಸಿ, ಮೀಸೆ ತಿರುವಿ, ಇಸ್ತ್ರಿಗೆ ನಿಂತ.

ಮೊದಲು ಬಂದವನು ಪಕ್ಕದ ಅಂಗಡಿಯ ದರ್ಜಿ. ಕೊರಳಲ್ಲಿ ಅಳತೆಯ ಟೇಪು, ಮುಖದಲ್ಲಿ ರಕ್ತವಿಲ್ಲ. ಬಾಗಿಲಲ್ಲೇ ನಿಂತು ಪಿಸುಗುಟ್ಟಿದ.

"ಗಂಜಿಯಣ್ಣ, ನಿನ್ನ ಮೆಸೇಜು ಓದ್ದೆ. ಇದೆಲ್ಲಾ ಯಾವಾಗ್ನಿಂದ?"

"ಯಾವಾಗ್ನಿಂದ ಅಂದ್ರೆ? ನಮ್ಮಪ್ಪನ ಕಾಲದಿಂದ."

"ನಿಮ್ಮಪ್ಪಾನೂ?"

"ಅಪ್ಪನ ಕೈ ನೋಡ್ಬೇಕಿತ್ತು ನೀನು! ಕಲ್ಲಿಗೆ ಬಡಿದು ಬಡಿದು ಮುಗಿಸ್ತಿದ್ರು. ನಾನು ಅಷ್ಟು ಒರಟಲ್ಲಪ್ಪ. ನೀರಲ್ಲಿ ಮುಳುಗಿಸಿ ಬಿಟ್ಬಿಡ್ತೀನಿ, ತಾನಾಗೇ ಸಡಿಲ ಆಗುತ್ತೆ."

ದರ್ಜಿ ಗೋಡೆ ಹಿಡಿದುಕೊಂಡ. "ಹೆಂಗಸರದ್ದೂ ಮಾಡ್ತೀಯಾ?"

"ಹೆಂಗಸರದ್ದೇ ಜಾಸ್ತಿ. ಹಿಂಡುವಾಗ ಮಾತ್ರ ನಾಜೂಕಾಗಿ ಹಿಂಡ್ಬೇಕು."

"ಮಕ್ಕಳದ್ದು?"

"ಮಕ್ಕಳದ್ದಕ್ಕೆ ಅರ್ಧ ರೇಟು."

ದರ್ಜಿ ಹಿಂದೆ ಹಿಂದೆ ನಡೆದು ಹೋದ. ಮರುಗಳಿಗೆಯಲ್ಲೇ ಅವನ ಅಂಗಡಿಯ ಬಾಗಿಲು ದಡಾರನೆ ಮುಚ್ಚಿತು. ಇವನಿಗೇನೋ ಹೊಟ್ಟೆನೋವಿರಬೇಕು ಎಂದುಕೊಂಡ ಗಂಜಿಯಣ್ಣ.

ಅಂದು ಬೀದಿಗೆ ಬೀದಿಯೇ ವಿಚಿತ್ರವಾಗಿತ್ತು. ದಿನಾ ಕತ್ತಿನ ಪಟ್ಟಿಯ ಗೆರೆಗಾಗಿ ಜಗಳ ತೆಗೆಯುತ್ತಿದ್ದ ಬ್ಯಾಂಕಿನವನು ದೂರದಿಂದಲೇ ಕೈಮುಗಿದು ಆಚೆ ಬದಿಗೆ ದಾಟಿಕೊಂಡ. ಭಾಮೈದನಂತೂ, "ಭಾವ, ನಾನು ತಮಾಷೆಗೆ ಅಂದಿದ್ದು. ಮನಸ್ಸಲ್ಲಿಟ್ಕೋಬೇಡಿ" ಎಂದು ಫೋನಿನಲ್ಲಿ ಅಳುವುದೊಂದು ಬಾಕಿ. ಜಾಹೀರಾತಿನ ಮಹಿಮೆಯೇ ಮಹಿಮೆ ಎಂದು ಗಂಜಿಯಣ್ಣ ಉಬ್ಬಿಹೋದ.

ಅಷ್ಟರಲ್ಲಿ ಎದುರಿನ ಮಹಡಿ ಮನೆಯಮ್ಮ ಇಳಿದು ಬಂದರು. ಅತ್ತಿತ್ತ ನೋಡಿ, ಸೆರಗು ಬಾಯಿಗೆ ಅಡ್ಡ ಹಿಡಿದು ಕೇಳಿದರು.

"ಗಂಜಿಯಣ್ಣ, ಒಂದೇ ಒಂದಿದ್ರೂ ಮಾಡ್ಕೊಡ್ತೀರಾ?"

"ಅದಕ್ಕೇನಮ್ಮಾ, ಧಾರಾಳವಾಗಿ! ಎಷ್ಟು ಹಳೇದು?"

"ಅರವತ್ತು ದಾಟಿದೆ."

"ಅಬ್ಬಾ! ಹಾಗಾದ್ರೆ ಬಣ್ಣ ಎಲ್ಲಾ ಹೋಗಿರ್ಬೇಕು. ತೂಕ?"

"ಎಂಬತ್ತು ಕಿಲೋ ಇರ್ಬಹುದು."

"ಎಂಬತ್ತಾ! ಏನಮ್ಮಾ ಅದು, ಜಮಖಾನಾನಾ?"

"ಜಮಖಾನ ಅಲ್ಲ ಕಣ್ರೀ, ನಮ್ಮೆಜಮಾನ್ರು! ರಾತ್ರಿಯೆಲ್ಲಾ ಗೊರಕೆ. ಬಂದು ಒಯ್ದುಬಿಡಿ, ಮಲಗಿದಾರೆ."

ಆ ಹೊತ್ತಿಗೆ ಸರಿಯಾಗಿ ಹೆಂಡತಿ ತನ್ನ ಫೋನು ಹಿಡಿದು ಹಣೆ ಚಚ್ಚಿಕೊಳ್ಳುತ್ತಾ ಬಂದಳು.

"ರೀ, ಏನ್ರೀ ಬರ್ದಿದೀರಿ ಇದು? ಕೊಳೆ ಅಂತ ಬರೆಯೋ ಕಡೆ ಕೊಲೆ ಅಂತ ಬರ್ದಿದೀರಲ್ರೀ!"

ಓದಿದ. ಇನ್ನೊಮ್ಮೆ ಓದಿದ. ಇನ್ಸ್‌ಪೆಕ್ಟರಿಗೆ ಕಳಿಸಿದ್ದು ನೆನಪಾದೊಡನೆ ಅವನ ಕಾಲುಗಳಿಂದ ಗಂಜಿಯೆಲ್ಲ ಇಳಿದುಹೋಯಿತು. ಮೊದಲು ನಿಮ್ಮ ಕೊಲೆ! ಅಯ್ಯೋ, ಠಾಣೆಯ ಬಟ್ಟೆ ಹಾಳಾಗಲಿ, ಇನ್ನು ಠಾಣೆಯೇ ತನ್ನ ಮನೆ. ಭಾಮೈದ ಕರೆದರೂ ಹೋಗುವ ಹಾಗಿಲ್ಲ.

"ತಿದ್ದಿ ಬರೀರಿ ಬೇಗ!" ಎಂದಳು ಹೆಂಡತಿ.

ಅವಸರದ ಬೆರಳು ಯಾವ ಗುಂಡಿಯನ್ನು ಒತ್ತಿ ಹಿಡಿದೀತು? ಅವಳು ತಾನೇ ಬರೆಯುತ್ತೇನೆಂದು ಕೈಚಾಚುವಷ್ಟರಲ್ಲಿ ಅವನದು ಸಾಹೇಬರಿಗೆ ಹೋಗಿಬಿಟ್ಟಿತ್ತು: "ತಪ್ಪು ತಿಲಿಯಬೇಡಿ. ಅದು ಕೊಲೆ ಅಲ್ಲ, ಕೊಲೆ." ಅದರ ಕೆಳಗೆ, ಯಾರಿಗೂ ಹೇಳಬೇಡಿ ಎಂದೂ ಸೇರಿಸಿದ್ದ. ಆ ಪದ ಏನಾಗಿ ಹೋಯಿತೆಂಬುದನ್ನು ಮರ್ಯಾದಸ್ಥರಾದ ನಾವು ಇಲ್ಲಿ ಬರೆಯುವಂತಿಲ್ಲ. ಓದಿದ ಹೆಂಡತಿ ಫೋನು ಕಿತ್ತು ಸೋಪಿನ ಬಕೆಟ್ಟಿಗೆ ಹಾಕಿದಳು.

ಗುಳುಗುಳು ಸದ್ದು ನಿಲ್ಲುವ ಮೊದಲೇ ಅಂಗಡಿಯ ಮುಂದೆ ಜೀಪು ನಿಂತಿತು. ಮಹಡಿ ಮನೆಯಮ್ಮ, "ನಾನೇನೂ ಕೇಳಿಲ್ಲಪ್ಪ!" ಎಂದು ಮೆಟ್ಟಿಲು ಹತ್ತಿ ಓಡಿದರು. ಇನ್ಸ್‌ಪೆಕ್ಟರ್ ಸಾಹೇಬರು ಇಳಿದರು. ಬೂಟು ಹೊಸ್ತಿಲು ಮುಟ್ಟುವ ಮೊದಲೇ ಗಂಜಿಯಣ್ಣ ಅದರ ಮೇಲೆ ಬಿದ್ದಿದ್ದ.

"ಬುದ್ಧೀ, ನಾನು ಇರುವೆ ಕೂಡ ಕೊಂದವನಲ್ಲ! ಜನ್ಮದಲ್ಲಿ ಒಂದೇ ಒಂದು ತಪ್ಪು ಮಾಡಿದೀನಿ. ಅದನ್ನೂ ಮುಚ್ಚಿಡಲ್ಲ, ಹೇಳ್ಬಿಡ್ತೀನಿ. ಮೊನ್ನೆ ನಿಮ್ಮ ಯೂನಿಫಾರಂಗೆ ಇಸ್ತ್ರಿ ಮಾಡ್ತಾ ಮಾಡ್ತಾ ಆಸೆಯಾಗಿ, ಹಾಕ್ಕೊಂಡ್ಬಿಟ್ಟೆ. ಹಾಕ್ಕೊಂಡು ಫೋನಿನ ಅಂಗಡಿಗೆ ಹೋದೆ. ಅವ್ರು ಕುರ್ಚಿ ಹಾಕಿ, ಸೆಲ್ಯೂಟ್ ಹೊಡೆದು, ಫೋನು ಪುಕ್ಕಟೆ ಕೊಟ್ರು. ಇಷ್ಟೇ ನನ್ನ ಪಾಪ. ಕೊಲೆ ಮಾತ್ರ ನನ್ನದಲ್ಲ!"

ಸಾಹೇಬರು ಕಣ್ಣು ಪಿಳಿಪಿಳಿ ಬಿಟ್ಟರು.

"ಯಾವ ಕೊಲೆಯಯ್ಯಾ?"

"ಮೆಸೇಜಿನಲ್ಲಿ ಬರೆದಿದ್ನಲ್ಲ ಬುದ್ಧೀ, ಬೆಳಗ್ಗೆ..."

"ನನ್ನ ಫೋನೆಲ್ಲಿದೆ ಮೆಸೇಜು ನೋಡೋಕೆ? ಬೆಳಗ್ಗೆ ಮನೇಲಿ ನನ್ನ ಪ್ಯಾಂಟು ನೆನೆಹಾಕುವಾಗ ಜೇಬಲ್ಲಿದ್ದ ಫೋನನ್ನೂ ಸೇರಿಸಿ ನೆನೆಹಾಕಿದಾರೆ. ಅದು ಸತ್ತುಹೋಯ್ತು. ಸಾಕಪ್ಪಾ ಈ ಮನೆ ಒಗೆತ, ಇನ್ಮೇಲೆ ಠಾಣೆ ಬಟ್ಟೆ ಪೂರ್ತಿ ನಿನಗೇ ಅಂತ ಹೇಳೋಕೆ ಬಂದೆ."

ಅವರ ಬೆನ್ನ ಹಿಂದೆ ಪೇದೆಯೊಬ್ಬ ತನಗಿಂತ ದೊಡ್ಡದಾದ ಬಟ್ಟೆಯ ಗಂಟನ್ನು ಇಳಿಸಿ ಏದುಸಿರು ಬಿಡುತ್ತಿದ್ದ. ಜೀಪಿನ ತುಂಬ ಇನ್ನೂ ಅಂಥವೇ ಗಂಟುಗಳು. ಗಂಜಿಯಣ್ಣ ಆ ಗಂಟನ್ನು ನೋಡಿದ, ಹೆಂಡತಿಯ ಮುಖ ನೋಡಿದ, ಮೆಲ್ಲನೆ ಹಲ್ಲು ಕಿರಿದ.

"ಹಾಗಾದ್ರೆ... ನಾನು ಈಗ ಅಂದಿದ್ದು ಏನೂ ಅಂದಿಲ್ಲ ಅಂತ ಅಂದ್ಕೊಳ್ಳಿ ಬುದ್ಧೀ."

ಸಾಹೇಬರು ಟೊಪ್ಪಿಗೆ ಸರಿಮಾಡಿಕೊಂಡು ಪೇದೆಯ ಕಡೆ ತಿರುಗಿದರು.

"ಗಂಟು ವಾಪಸ್ ಜೀಪಿಗೆ ಹಾಕ್ರೀ. ಅದರ ಮೇಲೆ ಇವನನ್ನೂ ಹಾಕಿ."