ಖಾಲಿ ಕೈಲೆ ವಾಕಿಂಗ್ ಹೋಗೂದು ಹ್ಯಾಂಗ?

ಇನ್ನೊಬ್ಬರನ್ನು ನಡೆಸಲು ಹೊರಟವನ ಪಾಡೇ ಇಷ್ಟು, ಒಂದು ಫಜೀತಿ ಮುಗಿಯುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ನಾನು ಧಾರವಾಡದವನು, ಬ್ಯಾಂಕ್ ಅಧಿಕಾರಿ. ವಿಜಯವಾಡಕ್ಕೆ ವರ್ಗವಾಗಿ ಬಂದ ಮೇಲೆ ನನ್ನ ಹೆಂಡತಿಯ ರಕ್ತದ ಸಕ್ಕರೆ ಅಪಾಯದ ಗಡಿಗೆ ಬಂದು ನಿಂತಿತು. "ದಿನಾ ನಡೆದರೆ ಸರಿ, ಇಲ್ಲದಿದ್ದರೆ ಜೀವನಪೂರ್ತಿ ಗುಳಿಗೆ" ಎಂದರು ಡಾಕ್ಟರು. ಅವಳ ತಾಯಿ ಗುಳಿಗೆಯಿಂದ ಸೂಜಿಗೆ ಹೋದದ್ದನ್ನು ಇಬ್ಬರೂ ಕಂಡಿದ್ದೆವು. ಅವಳಿಗೆ ಹೆದರಿಕೆ, ನನಗೆ ಅದಕ್ಕಿಂತ ಹೆಚ್ಚು. ಆದರೆ ಹೆದರಿದವರೆಲ್ಲ ನಡೆಯುತ್ತಾರೆ ಎಂದೇನಿಲ್ಲವಲ್ಲ!

ಲಿಫ್ಟ್ ಕೆಟ್ಟಿದೆ

ನನ್ನ ಮನೆಯ ಕತೆ ಕೇಳಿ ನಮ್ಮ ಮ್ಯಾನೇಜರಿಗೂ ಹುರುಪು ಬಂತು. ಮೂರನೇ ಮಹಡಿಯಲ್ಲಿ ನಮ್ಮ ಆಫೀಸು. ಸಿಬ್ಬಂದಿ ಮೆಟ್ಟಿಲು ಹತ್ತಲಿ ಎಂದು, ಚೆನ್ನಾಗಿದ್ದ ಲಿಫ್ಟಿಗೆ "ಕೆಟ್ಟಿದೆ" ಎಂಬ ಬೋರ್ಡು ತೂಗಿಸಿದರು. ಮೊದಲು ಚಹಾಕ್ಕಾದರೂ ಎಲ್ಲರೂ ಕೆಳಗಿಳಿದು ಬೀದಿಯ ತುದಿಯವರೆಗೆ ಹೋಗುತ್ತಿದ್ದರು. ಈಗ ಮೂರು ಮಹಡಿ ಮತ್ತೆ ಹತ್ತುವವರು ಯಾರೆಂದು, ಚಹಾ ಫ್ಲಾಸ್ಕಿನಲ್ಲಿ ಮೇಲೆಯೇ ಬರತೊಡಗಿತು.

ಯಾರೋ ದೂರು ಕೊಟ್ಟಿರಬೇಕು, ಒಂದು ದಿನ ಮೆಕ್ಯಾನಿಕ್ ಬಂದ. ಬಿಚ್ಚಿ ನೋಡಿದ, ಮುಚ್ಚಿ ನೋಡಿದ. ಕೊನೆಗೆ ಬೋರ್ಡನ್ನು ಕಿತ್ತು ತನ್ನ ಚೀಲಕ್ಕೆ ಹಾಕಿಕೊಂಡು, "ರಿಪೇರಿ ಅಯಿಪೋಯಿಂದಿ ಸಾರ್" ಎಂದು ಕೆಲಸ ಮುಗಿದದ್ದನ್ನು ಸಾರಿದ. ಮ್ಯಾನೇಜರು ಅವನಿಗೆ ಥ್ಯಾಂಕ್ಸ್ ಹೇಳಿ, ಅವನ ಜೊತೆಗೇ ಲಿಫ್ಟಿನಲ್ಲಿ ಕೆಳಗಿಳಿದರು.

ಕೃಷ್ಣೆಯ ದಂಡೆ

ಹೆಂಡತಿಯನ್ನು ಪುಸಲಾಯಿಸಿ ಬೆಳಗ್ಗೆ ನದಿಯ ದಂಡೆಗೆ ಕರೆದೊಯ್ದೆ. ಎದುರು ಬಂದ ಹೆಂಗಸರೆಲ್ಲ "ಬಾಗುನ್ನಾರಾ ಅಂಡಿ?" ಎಂದು ಕ್ಷೇಮ ಕೇಳುತ್ತ ನಿಲ್ಲುವವರೇ. ಇವಳಿಗೆ ಬರುವ ತೆಲುಗು ಅಷ್ಟಕ್ಕಷ್ಟೇ. ಹಾಗಾಗಿ ಒಂದು ಮಾತಿಗೆ ಎರಡು ಮಾತಿನ ಹೊತ್ತು ಹಿಡಿಯುತ್ತಿತ್ತು.

"ನಡೀಯೇ, ಬಿಸಲೇರತೈತಿ."

"ಮಾತಾಡಿಸಿದವರನ್ನ ಬಿಟ್ಟು ನಡಿಯೂದು ಎಂಥಾ ಸಂಸ್ಕಾರರಿ?"

ಅವಳು ಮಾತು ಮುಗಿಸುವ ತನಕ ನಾನು ಅತ್ತಿಂದಿತ್ತ ತಿರುಗುತ್ತಿದ್ದೆ. ತಿಂಗಳಾಗುವಷ್ಟರಲ್ಲಿ ನನ್ನ ಪ್ಯಾಂಟು ಸಡಿಲಾಯಿತು, ಅವಳ ಸಕ್ಕರೆ ಮಾತ್ರ ಕದಲಲಿಲ್ಲ. ಒಂದು ಸಂಜೆ ಅವಳು ತಾಯಿಗೆ ಫೋನಿನಲ್ಲಿ ಹೇಳುತ್ತಿದ್ದಳು: "ಇಲ್ಲಿ ವಾಕಿಂಗ್ ಭಾಳ ಛಲೋ ಐತಿ ಅವ್ವಾ. ಕುಂದ್ರಾಕ ಅಲ್ಲಲ್ಲೆ ಬೆಂಚ್ ಹಾಕ್ಯಾರ."

ಕಾಯಿಪಲ್ಲೆ ಚೀಲ

ಅಷ್ಟರಲ್ಲಿ ವಿಶಾಖಪಟ್ಟಣಕ್ಕೆ ವರ್ಗ. ಇಲ್ಲಿ ಬೆಳಗಿನ ಹೊತ್ತು ಬೀಚ್ ರೋಡಿನಲ್ಲಿ ಮೋಟಾರು ಗಾಡಿಗಳಿಗೆ ಪ್ರವೇಶವಿಲ್ಲ, ಅರ್ಧ ಊರು ಅಲ್ಲೇ ನಡೆಯುತ್ತದೆ. ಇವಳನ್ನು ಮಾತಾಡಿಸುವ ಒಂದು ನರಪಿಳ್ಳೆಯೂ ಇಲ್ಲ. ಬದುಕಿದೆ ಅಂದುಕೊಂಡೆ.

"ಅಲ್ಲಿ ಮಾತಿಗೆ ಮಂದಿ ಇದ್ರು. ಇಲ್ಲಿ ಕೆಲಸಿಲ್ಲದ ಖಾಲಿ ಕೈ ಬೀಸ್ಕೋತ ಹ್ಯಾಂಗ ಹೋಗ್ಲಿ? ನೋಡಿದವರು ಏನಂದಾರು?" ಎಂದಳು.

"ಹಂಗಾರ ಕೈಯಾಗ ಒಂದು ಚೀಲ ಹಿಡಕೋ!" ಎಂದೆ ಸಿಟ್ಟಿನಲ್ಲಿ.

ಅವಳಿಗೆ ಅದು ಸರಿಯೆನಿಸಿತು. ಮರುದಿನ ಕಾಯಿಪಲ್ಲೆ ಚೀಲ ಹಿಡಿದು ಹೊರಟವಳು, ಸಂತೆ ಮುಗಿದೇಹೋಗುತ್ತದೆ ಎಂಬಂತೆ ಎಲ್ಲೂ ನಿಲ್ಲದೆ ಬೀಚ್ ರೋಡಿನ ಈ ತುದಿಯಿಂದ ಆ ತುದಿಗೆ ಹೋಗಿಬಂದಳು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇದೇ ಸಂಕೋಚದಿಂದ ಒಳಗೇ ಕೂತಿದ್ದ ಹೆಂಗಸರು ಇದನ್ನು ಕಂಡರು. ಒಬ್ಬೊಬ್ಬರಾಗಿ ಚೀಲ ಹಿಡಿದು ಇವಳ ಹಿಂದೆ ಬಿದ್ದರು.

ಇಷ್ಟೊಂದು ಚೀಲ ಒಟ್ಟಿಗೆ ಕಂಡರೆ ತರಕಾರಿಯವನು ಸುಮ್ಮನಿರುತ್ತಾನೆಯೇ? ಹೊಟ್ಟೆ ಹೊತ್ತ ಒಬ್ಬ ದಪ್ಪನೆಯ ಮನುಷ್ಯ "ವಂಕಾಯಲು, ಬೆಂಡಕಾಯಲು!" ಎನ್ನುತ್ತ ತಳ್ಳುಗಾಡಿ ಸಮೇತ ಹಿಂದೆಯೇ ಬಂದ. ಚೀಲ ತಂದಿದ್ದರೇ ಹೊರತು ಇವರ ಪೈಕಿ ಒಬ್ಬರೂ ದುಡ್ಡು ತಂದಿರಲಿಲ್ಲ. ನಾಚಿಕೆಯಿಂದ ಜೋರು ಹೆಜ್ಜೆ ಹಾಕಿದರು. ಅವನೂ ಜೋರು ಹಾಕಿದ. ಇವತ್ತಲ್ಲ ನಾಳೆ ಕೊಂಡಾರು ಎಂಬ ಆಸೆ ಅವನಿಗೆ. ದಿನಾ ಇದೇ ಮೆರವಣಿಗೆ.

ಮತ್ತೆ ರಕ್ತಪರೀಕ್ಷೆ ಮಾಡಿಸಿದೆವು. "ಗುಳಿಗೆ ಬೇಡಮ್ಮಾ" ಎಂದರು ಇಲ್ಲಿಯ ಡಾಕ್ಟರು. ನನ್ನ ಕಣ್ಣಲ್ಲಿ ನೀರೇ ಬಂತು. ಇವಳು ತಾಯಿಗೆ ಫೋನು ಮಾಡಿ ಅತ್ತೇಬಿಟ್ಟಳು.

ಮರುದಿನ ಬೆಳಗ್ಗೆ ಮೊದಲ ಸಲ ದುಡ್ಡು ತೆಗೆದುಕೊಂಡು ಹೊರಟಳು. ಗಾಡಿಯ ಮುಂದೆ ನಿಂತು ತನಗೆ ಬಂದಷ್ಟು ತೆಲುಗಿನಲ್ಲಿ ಹೇಳಿದಳು: "ನನ್ನ ಶುಗರ್ ಇಳಿದಿದೆ. ಇವತ್ತು ಚೀಲದ ತುಂಬ ಕೊಳ್ಳುತ್ತೇನೆ."

ತರಕಾರಿಯವನು ಬೆವರು ಒರೆಸಿಕೊಂಡು, ತಕ್ಕಡಿ ಕೆಳಗಿಟ್ಟು, ಕೈಮುಗಿದ.

"ನನ್ನದೂ ಇಳಿದಿದೆಯಮ್ಮಾ. ದಯವಿಟ್ಟು ಏನೂ ಕೊಳ್ಳಬೇಡಿ, ಹೀಗೇ ಮುಂದೆ ನಡೆಯಿರಿ!"